ಪೆಟ್ಟಿನಿಂದ ಬಂದ ಪೊರೆ: ತೆಗೆಯುವ ಮುನ್ನ, ತೆಗೆಯುವಾಗ, ತೆಗೆದ ಮೇಲೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಮಾನ್ಯ ಸಭಿಕರೇ,

ಕಣ್ಣಿಗೆ ಪೆಟ್ಟು ಬಿದ್ದು ಪೊರೆ ಬಂದವರನ್ನು ಕರೆತರುವ ಮನೆಯವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: "ಪೊರೆ ತಾನೇ ಡಾಕ್ಟ್ರೇ, ತೆಗೆದುಬಿಟ್ಟರೆ ಮೊದಲಿನ ಹಾಗೆ ಕಾಣುತ್ತದಲ್ಲವೇ?" ಹೀಗೆ ಕೇಳುವುದು ಸಹಜವೇ. ಅವರ ಮನೆಯಲ್ಲೇ ಅಜ್ಜನಿಗೋ ಅಜ್ಜಿಗೋ ಪೊರೆಯ ಆಪರೇಷನ್ ಆಗಿರುತ್ತದೆ. ಬೆಳಿಗ್ಗೆ ಹೋದವರು ಸಂಜೆಯೊಳಗೆ ಮನೆ ಸೇರಿರುತ್ತಾರೆ, ಮರುದಿನ ಪಟ್ಟಿ ಬಿಚ್ಚಿದಾಗ ಎದುರಿನ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಅಂಕಿಗಳನ್ನು ಓದಿ ಹೇಳಿರುತ್ತಾರೆ. ಅದೇ ಪೊರೆ, ಅದೇ ಆಪರೇಷನ್ ಎಂದು ಅವರು ನಂಬಿರುವಾಗ ನಾನು ಕೂಡಲೇ "ಹೌದು" ಎನ್ನಲಾರದೆ ತಡೆದರೆ ಅವರ ಮುಖ ಬಾಡುತ್ತದೆ. ಆ ಪ್ರಶ್ನೆಗೆ ಹೊರರೋಗಿ ವಿಭಾಗದ ಐದು ನಿಮಿಷದಲ್ಲಿ ಕೊಡಲಾಗದ ಉತ್ತರವನ್ನು ಇಂದು ನಿಮ್ಮ ಮುಂದೆ ವಿವರವಾಗಿ ಹೇಳಬೇಕೆಂದಿದ್ದೇನೆ.

ವಯಸ್ಸಿನಿಂದ ಬರುವ ಪೊರೆಯಲ್ಲಿ ಕಣ್ಣಿನ ಉಳಿದ ಭಾಗಗಳು ಸಾಮಾನ್ಯವಾಗಿ ಚೆನ್ನಾಗಿದ್ದು, ಮಸೂರವೊಂದೇ ಮಂಜಾಗಿರುತ್ತದೆ. ಪೆಟ್ಟಿನ ಪೊರೆಯಲ್ಲಿ ಮಸೂರವನ್ನು ಕೆಡಿಸಿದ ಹೊಡೆತವೇ ಬಹಳ ಸಲ ಕಣ್ಣಿನ ಬೇರೆ ಭಾಗಗಳನ್ನೂ ಮುಟ್ಟಿರುತ್ತದೆ, ಮತ್ತು ಎದ್ದು ಕಾಣುವ ಬಿಳಿ ಪೊರೆಯೇ ಹಿಂದಿನ ಹಾನಿಯನ್ನು ಮರೆಮಾಡಿರುತ್ತದೆ. ಆದ್ದರಿಂದ ಇಲ್ಲಿ ಪೊರೆಯನ್ನು ತೆಗೆಯುವ ಕೈಚಳಕದಷ್ಟೇ ಮುಖ್ಯವಾದದ್ದು ಯಾವಾಗ ತೆಗೆಯಬೇಕು, ಯಾವುದನ್ನು ಸರಿಪಡಿಸಿದ ಮೇಲೆ ತೆಗೆಯಬೇಕು ಎಂಬ ನಿರ್ಧಾರ.

ಮಸೂರದ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಕಣ್ಣಿನ ಪಾಪೆಯ ಹಿಂದೆ ಇರುವ ಈ ಮಸೂರ ಸುಮಾರು 9ರಿಂದ 10 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪ. ಅದನ್ನು ಸುತ್ತುವರಿದ ಪಾರದರ್ಶಕ ಚೀಲವಿದೆ. ಆ ಚೀಲದ ಹಿಂಭಾಗದ ನಡುವಿನ ಪದರ ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ಮಾತ್ರ ದಪ್ಪವಿರುತ್ತದೆ. ಈ ಚೀಲವನ್ನು ನೂರಾರು ಸೂಕ್ಷ್ಮ ಎಳೆಗಳು ಸುತ್ತಲೂ ಎಳೆದು ಹಿಡಿದು ತೂಗುಹಾಕಿರುತ್ತವೆ. ಮಸೂರದೊಳಗೆ ರಕ್ತನಾಳಗಳಿಲ್ಲ. ಅದರ ನಾರುಗಳೂ ಪ್ರೋಟೀನುಗಳೂ ಒಂದು ಶಿಸ್ತಿನಲ್ಲಿ ಜೋಡಣೆಯಾಗಿ, ಹೆಚ್ಚಿನ ನೀರು ಒಳಬರದಂತೆ ಜೀವಕೋಶಗಳು ಕಾಯುತ್ತಿರುವವರೆಗೆ ಅದು ತಿಳಿಯಾಗಿರುತ್ತದೆ. ಚೀಲ ಹರಿದರೆ ಸುತ್ತಲಿನ ನೀರು ಒಳನುಗ್ಗಿ ನಾರುಗಳು ಉಬ್ಬುತ್ತವೆ, ಪ್ರೋಟೀನು ಗಂಟುಕಟ್ಟುತ್ತದೆ, ಕೆಲವೇ ಗಂಟೆಗಳಲ್ಲಿ ಅಥವಾ ಕೆಲವೇ ದಿನಗಳಲ್ಲಿ ಮಸೂರ ಹಾಲಿನಂತೆ ಬೆಳ್ಳಗಾಗುತ್ತದೆ.

ಚೀಲ ಹರಿಯದೆಯೂ ಪೊರೆ ಬರಬಹುದು. ಚೆಂಡೋ, ಮುಷ್ಟಿಯೋ, ಚಿಮ್ಮಿದ ಮರದ ತುಂಡೋ ಕಣ್ಣಿಗೆ ಬಡಿದಾಗ ಕಣ್ಣುಗುಡ್ಡೆ ಆ ಕ್ಷಣಕ್ಕೆ ಹಿಂದುಮುಂದಾಗಿ ಅದುಮಿಕೊಂಡು ಪಕ್ಕಗಳಿಗೆ ಉಬ್ಬುತ್ತದೆ. ಆ ಉಬ್ಬಿಗೆ ಮಸೂರವನ್ನು ಹಿಡಿದ ಎಳೆಗಳು ಜಗ್ಗುತ್ತವೆ, ಕೆಲವು ಕಿತ್ತುಹೋಗುತ್ತವೆ. ಆಘಾತದ ಅಲೆ ಮಸೂರದ ಮೂಲಕ ಹಾದು ನಾರುಗಳ ಜೋಡಣೆಯನ್ನು ಕದಡುತ್ತದೆ. ಇಂಥ ಕಣ್ಣಿನಲ್ಲಿ ಮಸೂರದ ಹಿಂಪದರದ ಬಳಿ ಹೂವಿನ ದಳಗಳನ್ನು ಹರಡಿಟ್ಟ ಹಾಗೆ ಒಂದು ಮಂಜು ಮೂಡುತ್ತದೆ. ಒಮ್ಮೆ ನೋಡಿದ ವೈದ್ಯರು ಅದನ್ನು ಮರೆಯುವುದಿಲ್ಲ. ಪಾಪೆಯ ಅಂಚು ಮಸೂರಕ್ಕೆ ಒತ್ತಿ, ಕಂದುಬಣ್ಣದ ಉಂಗುರದ ಗುರುತು ಉಳಿಯುವುದೂ ಉಂಟು. ಈ ಬಗೆಯ ಪೊರೆ ಪೆಟ್ಟಾದ ವಾರದಲ್ಲೇ ಕಾಣಿಸಿಕೊಳ್ಳಬಹುದು, ವರ್ಷಗಳ ನಂತರವೂ ಬರಬಹುದು. ಮೂವತ್ತರ ಹರೆಯದವರಿಗೆ ಒಂದೇ ಕಣ್ಣಿನಲ್ಲಿ ಪೊರೆ ಕಂಡಾಗ ನಾವು "ಹಿಂದೆ ಯಾವಾಗಲಾದರೂ ಪೆಟ್ಟು ಬಿದ್ದಿತ್ತೇ?" ಎಂದು ಎರಡೆರಡು ಬಾರಿ ಕೇಳುವುದು ಇದಕ್ಕೇ. ಮೊದಲು ಇಲ್ಲ ಎಂದವರು ಸ್ವಲ್ಪ ಹೊತ್ತಿನ ಮೇಲೆ ಶಾಲೆಯ ಮೈದಾನದ ಯಾವುದೋ ಸಂಜೆಯನ್ನು ನೆನಪಿಸಿಕೊಳ್ಳುತ್ತಾರೆ. ವಿದ್ಯುತ್ ಆಘಾತ, ಸಿಡಿಲು, ವಿಕಿರಣಗಳಿಂದಲೂ ಪೊರೆ ಬರುತ್ತದೆ, ಆದರೆ ಅವು ವಿರಳ.

ನಾನು ಹೆಚ್ಚು ಹೆದರುವುದು ಚುಚ್ಚಿದ ಗಾಯಗಳಿಗೆ, ಅದರಲ್ಲೂ ಚಿಕ್ಕದಾಗಿ ಕಾಣುವ ಗಾಯಗಳಿಗೆ. ಉಳಿಯ ಮೇಲೆ ಸುತ್ತಿಗೆಯಿಂದ ಹೊಡೆಯುವಾಗ ಸಿಡಿಯುವ ಕಬ್ಬಿಣದ ಚೂರು ಬಹಳ ವೇಗವಾಗಿ ಬರುತ್ತದೆ. ಅದು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ತೂರಿಕೊಂಡು ಹೋದ ಜಾಗ ತನ್ನಷ್ಟಕ್ಕೆ ಮುಚ್ಚಿಕೊಂಡುಬಿಡಬಹುದು. ನೋವು ಹೆಚ್ಚಿರುವುದಿಲ್ಲ. "ಏನೋ ಚುಚ್ಚಿದ ಹಾಗಾಯಿತು, ಉಜ್ಜಿಕೊಂಡೆ, ಸರಿಹೋಯಿತು" ಎಂದು ಅವರು ಕೆಲಸ ಮುಂದುವರಿಸುತ್ತಾರೆ. ಚೂರು ಒಳಗೇ ಉಳಿದರೆ ಕಬ್ಬಿಣದ ಅಂಶ ನಿಧಾನವಾಗಿ ಕರಗಿ ಮಸೂರದ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳನ್ನು ಮೂಡಿಸುತ್ತದೆ, ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟಲವನ್ನು ವಿಷವಾಗಿ ತಿನ್ನುತ್ತದೆ. ಶುದ್ಧ ತಾಮ್ರದ ಚೂರಾದರೆ ಉರಿಯೂತ ಇನ್ನೂ ಉಗ್ರವಾಗಿರುತ್ತದೆ. ಆದ್ದರಿಂದ ಸುತ್ತಿಗೆ, ಗ್ರೈಂಡರ್, ಡ್ರಿಲ್ ಎಂಬ ಮಾತು ರೋಗಿಯ ಬಾಯಿಂದ ಬಂದೊಡನೆ, ಹೊರಗೆ ಗಾಯ ಕಾಣದಿದ್ದರೂ ಸಿ.ಟಿ. ಸ್ಕ್ಯಾನ್ ಮಾಡಿಸುವುದು ಕ್ರಮ. ಎಂ.ಆರ್.ಐ. ಮಾಡಿಸುವ ಹಾಗಿಲ್ಲ, ಅದರ ಆಯಸ್ಕಾಂತ ಒಳಗಿನ ಕಬ್ಬಿಣವನ್ನು ಸರಿಸಿ ಮತ್ತಷ್ಟು ಹರಿಯಬಹುದು.

ಗಾಯವಾದ ಮೊದಲ ಗಂಟೆಗಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಆ ಹೊತ್ತಿನಲ್ಲಿ ಕಣ್ಣು ವೈದ್ಯರ ಕೈಯಲ್ಲಿರುವುದಿಲ್ಲ, ನಿಮ್ಮ ಕೈಯಲ್ಲಿರುತ್ತದೆ. ತೆರೆದ ಗಾಯವಿರುವ ಕಣ್ಣನ್ನು ಒತ್ತಬಾರದು, ಉಜ್ಜಬಾರದು, ಅದರ ಮೇಲೆ ಬಿಗಿಯಾಗಿ ಹತ್ತಿ ಕಟ್ಟಬಾರದು. ಒತ್ತಿದರೆ ಒಳಗಿನ ಪದರಗಳು ಗಾಯದ ಮೂಲಕ ಹೊರಬರುತ್ತವೆ. ಚುಚ್ಚಿಕೊಂಡಿರುವ ವಸ್ತುವನ್ನು ಎಳೆಯಬಾರದು. ಕಾಗದದ ಲೋಟದ ತಳಭಾಗವನ್ನು ಕಣ್ಣಿನ ಸುತ್ತಲಿನ ಮೂಳೆಯ ಮೇಲೆ ನಿಲ್ಲುವಂತೆ ಇಟ್ಟು ಮೆತ್ತಗೆ ಅಂಟಿಸಿ, ಕಣ್ಣಿಗೆ ಏನೂ ತಗುಲದ ಹಾಗೆ ಕರೆತನ್ನಿ. ಮನೆಯಲ್ಲಿ ಉಳಿದಿದ್ದ ಯಾವುದೋ ಡ್ರಾಪ್ಸ್ ಹಾಕಬೇಡಿ. ಆಪರೇಷನ್ನಿಗೆ ಪೂರ್ಣ ಅರಿವಳಿಕೆ ಕೊಡಬೇಕಾಗಿ ಬರುವುದರಿಂದ ದಾರಿಯಲ್ಲಿ ತಿನ್ನಲು, ಕುಡಿಯಲು ಕೊಡಬೇಡಿ. ಸುಣ್ಣ, ಆಮ್ಲದಂತಹ ರಾಸಾಯನಿಕ ಬಿದ್ದಾಗ ಮಾತ್ರ ಇದೆಲ್ಲ ತಲೆಕೆಳಗು: ಆಗ ಒಂದು ನಿಮಿಷವೂ ಕಾಯದೆ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯಬೇಕು, ಆಸ್ಪತ್ರೆ ಆಮೇಲೆ.

ಇನ್ನು ಶಸ್ತ್ರಚಿಕಿತ್ಸೆ. ಕಣ್ಣು ಸೀಳಿದ್ದರೆ ಮೊದಲ ಆಪರೇಷನ್ ಪೊರೆಯದ್ದಾಗಿರುವುದಿಲ್ಲ. ಅದು ಗಾಯವನ್ನು ಮುಚ್ಚುವ ಆಪರೇಷನ್. ಸಾಧ್ಯವಾದಷ್ಟೂ 24 ಗಂಟೆಯೊಳಗೆ ಅದನ್ನು ಮುಗಿಸಲು ನೋಡುತ್ತೇವೆ, ಏಕೆಂದರೆ ತಡವಾದಷ್ಟೂ ಕಣ್ಣಿನೊಳಗೆ ಸೋಂಕು ಹಬ್ಬುವ ಅಪಾಯ ಏರುತ್ತದೆ, ಮತ್ತು ಕಣ್ಣಿನೊಳಗಿನ ಸೋಂಕು ಎರಡು ಮೂರು ದಿನಗಳಲ್ಲೇ ದೃಷ್ಟಿಯನ್ನು ಪೂರ್ತಿಯಾಗಿ ಕಳೆಯಬಲ್ಲದು. ಕಾರ್ನಿಯಾಕ್ಕೆ ಹಾಕುವ ನೈಲಾನ್ ದಾರ ತಲೆಗೂದಲಿನ ಅರ್ಧದಷ್ಟೂ ದಪ್ಪವಿರುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಕುಳಿತು, ಅಂಚಿಗೆ ಅಂಚು ಕೂಡುವಂತೆ, ಹೊಲಿಗೆ ಬಿಗಿಯಾಗಿ ಕಾರ್ನಿಯಾ ಸುಕ್ಕುಗಟ್ಟದಂತೆ ಹಾಕಬೇಕು. ಈ ಹೊಲಿಗೆ ಎಷ್ಟು ಸಮವಾಗಿರುತ್ತದೋ ಮುಂದೆ ಆ ಕಣ್ಣಿನ ನೋಟ ಅಷ್ಟು ಸಮವಾಗಿರುತ್ತದೆ.

ಅದೇ ಹೊತ್ತಿಗೆ ಪೊರೆಯನ್ನೂ ತೆಗೆದು ಕೃತಕ ಮಸೂರ ಕೂರಿಸಿಬಿಡಬಾರದೇ ಎಂಬುದು ನಮ್ಮ ವೃತ್ತಿಯೊಳಗೂ ಬಹುಕಾಲದಿಂದ ನಡೆದಿರುವ ಚರ್ಚೆ. ಒಂದೇ ಬಾರಿಗೆ ಮುಗಿಸಿದರೆ ರೋಗಿಗೆ ಇನ್ನೊಂದು ಅರಿವಳಿಕೆ ತಪ್ಪುತ್ತದೆ, ಬೇಗ ಕಾಣುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೂ ಹೆಚ್ಚಿನ ಕಣ್ಣುಗಳಲ್ಲಿ ಕೆಲವು ವಾರ ಕಾಯುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಾಯಗೊಂಡ ದಿನ ಕಾರ್ನಿಯಾ ಊದಿ ಮಸುಕಾಗಿರುತ್ತದೆ, ಒಳಗೆ ರಕ್ತ ನಿಂತಿರುತ್ತದೆ, ಹಿಂಭಾಗ ಕಾಣುವುದಿಲ್ಲ, ಕೃತಕ ಮಸೂರದ ಪವರ್ ಅಳೆಯಲು ಬೇಕಾದ ಕಾರ್ನಿಯಾದ ಬಾಗು ಸಿಗುವುದಿಲ್ಲ, ಸೋಂಕು ಒಳಹೊಕ್ಕಿದೆಯೋ ಇಲ್ಲವೋ ಇನ್ನೂ ಗೊತ್ತಾಗಿರುವುದಿಲ್ಲ. ಇನ್ನೊಂದು ಕಾರಣವಿದೆ, ಅದನ್ನು ಕಿರಿಯ ವೈದ್ಯರಿಗೆ ನಾನು ಪದೇ ಪದೇ ಹೇಳುತ್ತೇನೆ: ಪಾಪೆಯಲ್ಲಿ ಕಾಣುವ ಬಿಳುಪೆಲ್ಲ ಪೊರೆಯಲ್ಲ. ಉರಿಯೂತದಿಂದ ಒಸರಿದ ಪ್ರೋಟೀನು ಪಾಪೆಯ ಮೇಲೆ ತೆಳುವಾದ ಬಿಳಿ ಪರದೆ ಕಟ್ಟಿ, ಥೇಟ್ ಪೊರೆಯ ಹಾಗೇ ಕಾಣುತ್ತದೆ. ಸ್ಟೀರಾಯ್ಡ್ ಹನಿಗಳಿಗೆ ಅದು ಕರಗಿದಾಗ ಹಿಂದೆ ತಿಳಿಯಾದ ಮಸೂರ ಸಿಕ್ಕ ಸಂದರ್ಭಗಳುಂಟು. ಅವಸರಪಟ್ಟಿದ್ದರೆ ಒಳ್ಳೆಯ ಮಸೂರವೊಂದನ್ನು ಕಿತ್ತು ಎಸೆದಂತಾಗುತ್ತಿತ್ತು. ಮಸೂರ ಒಡೆದು ಅದರ ತಿರುಳು ಕಣ್ಣಿನ ಮುಂಭಾಗದ ತುಂಬ ಚೆಲ್ಲಿದ್ದರೆ, ಅಥವಾ ಉಬ್ಬಿದ ಮಸೂರದಿಂದ ಕಣ್ಣಿನ ಒತ್ತಡ ಏರಿದ್ದರೆ ಕಾಯುವ ಮಾತಿಲ್ಲ. ಆ ತಿರುಳೇ ಉರಿಯೂತಕ್ಕೂ, ಒತ್ತಡ ಏರಿ ದೃಷ್ಟಿನರ ಕೆಡುವ ಗ್ಲೌಕೋಮಾಗೂ ಕಾರಣವಾಗುವುದರಿಂದ ಅದನ್ನು ಕೂಡಲೇ ತೆಗೆಯಬೇಕಾಗುತ್ತದೆ.

ಎರಡನೆಯ ಆಪರೇಷನ್ನಿಗೆ ಮೊದಲು ನಡೆಯುವ ತಪಾಸಣೆ ದೀರ್ಘವಾದದ್ದು, ರೋಗಿಗೆ ಬೇಸರ ತರಿಸುವಂಥದ್ದು. ಕತ್ತಲ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ನಾಲ್ಕೂ ದಿಕ್ಕಿನಿಂದ ಬಿಟ್ಟು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳುತ್ತೇವೆ. ಎಷ್ಟೇ ದಟ್ಟವಾದ ಪೊರೆಯಿದ್ದರೂ ಹಿಂದಿನ ಅಕ್ಷಿಪಟಲ ಸರಿಯಿದ್ದರೆ ಬೆಳಕಿನ ದಿಕ್ಕು ತಿಳಿಯಬೇಕು. ಆ ಟಾರ್ಚನ್ನೇ ಒಂದು ಕಣ್ಣಿಂದ ಇನ್ನೊಂದಕ್ಕೆ ಸರಸರನೆ ಆಡಿಸಿ ಪಾಪೆ ಕಿರಿದಾಗುವ ಬಗೆಯನ್ನು ನೋಡಿದರೆ ದೃಷ್ಟಿನರದ ಸ್ಥಿತಿ ಗೊತ್ತಾಗುತ್ತದೆ. ಪೊರೆಯೊಂದೇ ಆ ಕಣ್ಣಿನ ಈ ಪ್ರತಿಕ್ರಿಯೆಯನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ, ಕೆಟ್ಟಿದ್ದರೆ ಕಣ್ಣಿನ ಹಿಂಭಾಗದಲ್ಲೂ ಹಾನಿಯಾಗಿದೆ ಎಂದು ಅನುಮಾನಿಸಬೇಕು. ಅಲ್ಟ್ರಾಸೌಂಡ್ ಬಿ-ಸ್ಕ್ಯಾನಿನಲ್ಲಿ ಅಕ್ಷಿಪಟಲ ಕಳಚಿದೆಯೇ, ರಕ್ತಸ್ರಾವವಾಗಿದೆಯೇ, ಚೂರು ಉಳಿದಿದೆಯೇ ಎಂದು ನೋಡುತ್ತೇವೆ. ಗಾಯಗೊಂಡ ಕಾರ್ನಿಯಾದ ಅಳತೆ ನಂಬಲರ್ಹವಾಗಿರದಿದ್ದರೆ, ಕೃತಕ ಮಸೂರದ ಪವರನ್ನು ಇನ್ನೊಂದು ಕಣ್ಣಿನ ಅಳತೆಯ ನೆರವಿನಿಂದ ಲೆಕ್ಕ ಹಾಕುತ್ತೇವೆ.

ಈ ತಪಾಸಣೆಯಲ್ಲಿ ಒಂದು ಕ್ಷಣವನ್ನು ನಿಮಗೆ ಹತ್ತಿರದಿಂದ ತೋರಿಸಬೇಕು. ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ರೋಗಿಯನ್ನು ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ದೊಡ್ಡದಾಗಿ ತೋರಿಸುವ ಉಪಕರಣದ ಮುಂದೆ ಕೂರಿಸಿ, ಗಲ್ಲವನ್ನು ಒರಗಿಸಿ, "ಎಡಗಡೆ ನೋಡಿ, ಈಗ ನೇರ ನೋಡಿ" ಎನ್ನುತ್ತೇನೆ. ಕಣ್ಣು ತಿರುಗಿ ನಿಂತ ಮೇಲೂ ಒಳಗಿನ ಮಸೂರ ಅರೆಕ್ಷಣ ಅಲುಗುತ್ತದೆ, ಗಾಳಿ ನಿಂತ ಮೇಲೂ ಎಲೆ ನಡುಗುವ ಹಾಗೆ. ಅಷ್ಟು ಸಾಕು. ಹಿಡಿದ ಎಳೆಗಳು ಒಂದಿಷ್ಟು ಕಿತ್ತುಹೋಗಿವೆ, ಆಪರೇಷನ್ ಟೇಬಲ್ಲಿನ ಮೇಲೆ ಈ ಮಸೂರ ಹಿಂದಕ್ಕೆ ಜಾರಿ ಬೀಳಬಹುದು ಎಂದು ತಿಳಿಯುತ್ತದೆ, ಆ ದಿನದ ತಯಾರಿಯೇ ಬದಲಾಗುತ್ತದೆ.

ಆಪರೇಷನ್ನಿನ ಮೊದಲ ಕಷ್ಟ ಕಾಣಿಸುವುದರದ್ದು. ಬೆಳ್ಳಗಾದ ಮಸೂರದ ಮೇಲಿನ ಪಾರದರ್ಶಕ ಚೀಲ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚುತ್ತೇವೆ. ಆಗ ಚೀಲ ತಿಳಿನೀಲಿಯಾಗಿ ಎದ್ದು ನಿಲ್ಲುತ್ತದೆ, ಪೆಟ್ಟಿನಿಂದಲೇ ಎಲ್ಲಾದರೂ ಹರಿದಿದ್ದರೆ ಆ ಬಿರುಕೂ ಕಾಣುತ್ತದೆ. ಉಬ್ಬಿದ ಮಸೂರದೊಳಗೆ ದ್ರವ ಒತ್ತಡದಲ್ಲಿರುತ್ತದೆ. ಚೀಲದ ನಡುವೆ ಸೂಜಿ ತಾಗಿಸಿದೊಡನೆ ಹಾಲಿನಂಥ ದ್ರವ ಹೊಗೆಯಾಡಿದಂತೆ ಮೇಲೆದ್ದು ನೋಟವನ್ನು ಮುಚ್ಚುತ್ತದೆ, ಆ ಒತ್ತಡಕ್ಕೆ ಸೀಳು ನಮ್ಮ ಕೈಮೀರಿ ಎರಡೂ ಕಡೆಯ ಅಂಚಿಗೆ ಓಡಿಬಿಡಬಹುದು. ಹಾಗಾಗದಂತೆ ದಪ್ಪ ಜೆಲ್ ತುಂಬಿ ಎದುರಿನಿಂದ ಒತ್ತಡ ಕೊಟ್ಟು, ಒಳಗಿನ ದ್ರವವನ್ನು ಹೀರಿ, ಆಮೇಲೆ ದುಂಡಗೆ ಒಂದು ಕಿಂಡಿ ತೆರೆಯುತ್ತೇವೆ. ಹಿಂಪದರ ಪೆಟ್ಟಿಗೇ ಹರಿದಿರಬಹುದೆಂಬ ಅನುಮಾನವಿದ್ದರೆ, ಸಾಮಾನ್ಯ ಪೊರೆಯಲ್ಲಿ ಮಾಡುವಂತೆ ಚೀಲದೊಳಗೆ ರಭಸದಿಂದ ನೀರು ಚಿಮ್ಮಿಸಿ ಮಸೂರವನ್ನು ಬಿಡಿಸುವುದಿಲ್ಲ. ಆ ರಭಸಕ್ಕೆ ಇಡೀ ಮಸೂರ ಹಿಂದೆ ಬಿದ್ದೀತು. ಎಳೆಯ ವಯಸ್ಸಿನವರ ಮಸೂರ ಮೆದುವಾಗಿರುವುದರಿಂದ ಬಹಳ ಸಲ ಅಲ್ಟ್ರಾಸೌಂಡ್ ಶಕ್ತಿಯೂ ಬೇಕಾಗುವುದಿಲ್ಲ, ಹೀರಿದರೆ ಸಾಕು.

ಎಳೆಗಳು ಸ್ವಲ್ಪ ಭಾಗದಲ್ಲಿ, ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ ಮೂರು ನಾಲ್ಕು ಗಂಟೆಯ ಅಂತರದಷ್ಟು ಕಿತ್ತಿದ್ದರೆ, ಚೀಲದೊಳಗೆ ಒಂದು ತೆರೆದ ಉಂಗುರವನ್ನು ಇಳಿಸುತ್ತೇವೆ. ಅದು ಒಳಗಿನಿಂದ ಸಮನಾಗಿ ಒತ್ತಿ ಚೀಲವನ್ನು ದುಂಡಗೆ ಹರವಿ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಕಿತ್ತಿದ್ದರೆ ಕಣ್ಣಿನ ಬಿಳಿಗೋಡೆಗೆ ಹೊಲಿಯಬಹುದಾದ ಕೊಕ್ಕೆಯಿರುವ ಉಂಗುರ ಬೇಕು. ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಚೀಲವನ್ನು ಉಳಿಸುವ ಹಟ ಬಿಡುವುದೇ ಬಹಳ ಸಲ ಜಾಣತನ. ಕಿತ್ತ ಜಾಗದಿಂದ ಹಿಂದಿನ ಲೋಳೆಯಂಥ ವಿಟ್ರಿಯಸ್ ಮುಂದೆ ನುಸುಳಿರುತ್ತದೆ. ಅದು ಅಕ್ಷಿಪಟಲಕ್ಕೆ ಅಂಟಿಕೊಂಡಿರುವ ವಸ್ತು. ಇಲ್ಲಿ ಎಳೆದರೆ ಅಲ್ಲಿ ಹರಿಯುತ್ತದೆ. ಹಾಗಾಗಿ ಟ್ರಯಾಮ್ಸಿನೊಲೋನ್ ಎಂಬ ಔಷಧಿಯ ಬಿಳಿ ಕಣಗಳನ್ನು ಬಿಟ್ಟು ಅದಕ್ಕೆ ಮೆತ್ತಿಕೊಂಡು ಕಾಣುವಂತೆ ಮಾಡಿ, ಎಳೆಯದೆ, ವೇಗವಾಗಿ ಕತ್ತರಿಸಿ ಹೀರುವ ಉಪಕರಣದಿಂದಲೇ ತೆಗೆಯಬೇಕು.

ತೆಗೆದ ಮಸೂರದ ಜಾಗಕ್ಕೆ ಕೃತಕ ಮಸೂರ. ಈ ವಸ್ತುವಿನ ಹುಟ್ಟೇ ಗಾಯಗೊಂಡ ಕಣ್ಣುಗಳಿಂದ ಆಯಿತೆಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳ ಚಾಲಕರ ಕಣ್ಣುಗಳಿಗೆ ವಿಮಾನದ ಮುಚ್ಚಳದ ಅಕ್ರಿಲಿಕ್ ಪ್ಲಾಸ್ಟಿಕ್ ಚೂರುಗಳು ಹೊಕ್ಕಿದ್ದವು. ಗಾಜಿನ ಚೂರುಗಳ ಹಾಗಲ್ಲದೆ ಆ ಪ್ಲಾಸ್ಟಿಕ್ ಕಣ್ಣಿನೊಳಗೆ ಸುಮ್ಮನೆ ಉಳಿಯುವುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಮಸೂರವನ್ನು ಅವರು 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಕಣ್ಣಿನಲ್ಲಿ ಮೊದಲ ಬಾರಿಗೆ ಕೂರಿಸಿದರು. ಸಮಕಾಲೀನರಿಂದ ಅವರು ಎದುರಿಸಿದ ವಿರೋಧ ಸಣ್ಣದಾಗಿರಲಿಲ್ಲ. ಇಂದು ವಯಸ್ಸಾದ ಪ್ರತಿಯೊಬ್ಬರ ಪೊರೆಯ ಆಪರೇಷನ್ನಿನಲ್ಲಿ ಕೂರುವ ಮಸೂರದ ಹಿಂದೆ ಗಾಯಾಳು ಚಾಲಕರ ಆ ಕಣ್ಣುಗಳಿವೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಚೀಲ ಗಟ್ಟಿಯಾಗಿ ಉಳಿದಿದ್ದರೆ ಮಸೂರಕ್ಕೆ ಅದೇ ಅತ್ಯುತ್ತಮ ಸ್ಥಳ. ಹಿಂಪದರ ಹರಿದು ಮುಂಪದರ ಉಳಿದಿದ್ದರೆ ಅದರ ಮೇಲೆ, ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ಸಿನ ಹಿಂದೆ ಇಡಬಹುದು. ಚೀಲವೇ ಇಲ್ಲದಿದ್ದರೆ ಮಸೂರವನ್ನು ಐರಿಸ್ಸಿಗೆ ಕಚ್ಚಿಸಬಹುದು, ಇಲ್ಲವೇ ಅದರ ಕಾಲುಗಳನ್ನು ಕಣ್ಣಿನ ಬಿಳಿಗೋಡೆಯಲ್ಲಿ ಹೊಲಿಗೆಯಿಂದಲೋ, ಅಂಟಿನಿಂದಲೋ, ಕಾಲಿನ ತುದಿಯನ್ನು ಬಿಸಿಯಿಂದ ಗುಂಡಿಯಂತೆ ಉಬ್ಬಿಸಿಯೋ ನಿಲ್ಲಿಸಬಹುದು. ಉರಿಯೂತ ಇನ್ನೂ ಆರದ ಕಣ್ಣಿಗೆ ಆ ದಿನ ಮಸೂರ ಹಾಕದೆ ಬಿಟ್ಟು, ತಿಂಗಳುಗಳ ನಂತರ ಹಾಕುವುದೂ ಚಿಕಿತ್ಸೆಯೇ. "ಲೆನ್ಸ್ ಹಾಕಲಿಲ್ಲವಂತೆ, ಆಪರೇಷನ್ ಕೆಟ್ಟಿತಂತೆ" ಎಂದು ಮನೆಯವರು ಅಳುವುದನ್ನು ನೋಡಿದ್ದೇನೆ. ಈ ಸಾಧ್ಯತೆಯನ್ನು ಮುಂಚಿತವಾಗಿ ಹೇಳದಿದ್ದರೆ ತಪ್ಪು ವೈದ್ಯರದ್ದೇ.

ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. ಬ್ರೈಲ್ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ತನ್ನ ಮೂರನೆಯ ವಯಸ್ಸಿನಲ್ಲಿ, 1812ರಲ್ಲಿ, ತಂದೆಯ ಚರ್ಮದ ಕೆಲಸದ ಮಳಿಗೆಯಲ್ಲಿ ಆಡುವಾಗ ದಬ್ಬಳದಂಥ ಚೂಪಾದ ಉಪಕರಣದಿಂದ ಒಂದು ಕಣ್ಣಿಗೆ ಗಾಯ ಮಾಡಿಕೊಂಡ. ತೊಂದರೆ ಇನ್ನೊಂದು ಕಣ್ಣಿಗೂ ಹರಡಿ ಐದು ವರ್ಷ ತುಂಬುವ ಹೊತ್ತಿಗೆ ಪೂರ್ತಿ ಕುರುಡಾದ. ಇಂದು ಅಂಥ ಮಗುವಿನ ಗಾಯವನ್ನು ಹೊಲಿಯಬಲ್ಲೆವು, ಪೊರೆಯನ್ನು ತೆಗೆಯಬಲ್ಲೆವು. ಆದರೆ ಸುಮಾರು ಏಳೆಂಟು ವರ್ಷದವರೆಗೆ ಮಗುವಿನ ಮಿದುಳು ನೋಡುವುದನ್ನು ಇನ್ನೂ ಕಲಿಯುತ್ತಿರುತ್ತದೆ. ಒಂದು ಕಣ್ಣಿನಿಂದ ಮಸುಕು ಚಿತ್ರ ಬರುತ್ತಿದ್ದರೆ ಮಿದುಳು ಅದನ್ನು ಕೈಬಿಟ್ಟು ಇನ್ನೊಂದನ್ನೇ ನೆಚ್ಚುತ್ತದೆ, ಕಣ್ಣು ಸೋಮಾರಿಯಾಗುತ್ತದೆ. ಆದ್ದರಿಂದ ಮಕ್ಕಳಲ್ಲಿ, ಗಾಯ ಶಾಂತವಾದೊಡನೆ, ತಡಮಾಡದೆ ಪೊರೆ ತೆಗೆಯಬೇಕು. ಎಳೆಯ ಮಕ್ಕಳ ಚೀಲದ ಹಿಂಪದರ ಬಹುಬೇಗ ಮತ್ತೆ ಮಂಜಾಗುವುದರಿಂದ ಅದೇ ಆಪರೇಷನ್ನಿನಲ್ಲಿ ಅಲ್ಲೊಂದು ಕಿಂಡಿ ತೆರೆದು ಹಿಂದಿನ ವಿಟ್ರಿಯಸ್ಸನ್ನೂ ಸ್ವಲ್ಪ ತೆಗೆಯುತ್ತೇವೆ.

ಅಲ್ಲಿಗೆ ನಮ್ಮ ಕೆಲಸ ಮುಗಿದು ತಾಯಿಯ ಕೆಲಸ ಶುರುವಾಗುತ್ತದೆ. ಕನ್ನಡಕ ಹಾಕಿಸಿ, ಚೆನ್ನಾಗಿರುವ ಕಣ್ಣಿಗೆ ದಿನವೂ ಇಷ್ಟು ಗಂಟೆ ಎಂದು ಪಟ್ಟಿ ಅಂಟಿಸಿ, ಗಾಯಗೊಂಡ ಕಣ್ಣಿನಿಂದಲೇ ನೋಡುವಂತೆ ಮಾಡಬೇಕು. ಮಗು ಅಳುತ್ತದೆ, ಪಟ್ಟಿ ಕಿತ್ತೆಸೆಯುತ್ತದೆ. ಐದು ವರ್ಷದ ಹುಡುಗಿಯೊಬ್ಬಳ ತಾಯಿ ಪಟ್ಟಿ ಕಟ್ಟಿದ ಹೊತ್ತಿನಲ್ಲಿ ಮಗಳೊಡನೆ ಕುಳಿತು ಸೂಜಿಗೆ ಮಣಿ ಪೋಣಿಸುವ ಆಟವಾಡುತ್ತಿದ್ದರು. ಮೊದಲು ದೊಡ್ಡ ಮಣಿ, ತಿಂಗಳು ಕಳೆದಂತೆ ಚಿಕ್ಕದು. ಪ್ರತಿ ಭೇಟಿಗೂ ಆ ಮಗು ತಾನು ಪೋಣಿಸಿದ ಸರವನ್ನು ತಂದು ನನ್ನ ಮೇಜಿನ ಮೇಲಿಡುತ್ತಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವ ಮೊದಲೇ ಮಣಿಗಳ ಗಾತ್ರ ನೋಡಿ ನನಗೆ ಉತ್ತರ ಸಿಗುತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಎಷ್ಟು ಕಾಣುತ್ತದೆ? ಮಸೂರಕ್ಕೆ ಮಾತ್ರ ಹಾನಿಯಾಗಿದ್ದ ಕಣ್ಣುಗಳು ಬಹಳ ಚೆನ್ನಾಗಿ ಕಾಣುತ್ತವೆ, ಇದನ್ನು ಸಂತೋಷದಿಂದ ಹೇಳುತ್ತೇನೆ. ಕಾರ್ನಿಯಾದ ನಡುವೆ ಕಲೆ ಉಳಿದಿದ್ದರೆ, ಅಕ್ಷಿಪಟಲದ ನಡುಬಿಂದುವಿಗೆ ಗಾಯವಾಗಿದ್ದರೆ, ದೃಷ್ಟಿನರ ನೊಂದಿದ್ದರೆ ದೃಷ್ಟಿಯ ಮಿತಿಯನ್ನು ಅವೇ ನಿರ್ಧರಿಸುತ್ತವೆ, ಪೊರೆಯ ಆಪರೇಷನ್ ಎಷ್ಟೇ ಸೊಗಸಾಗಿ ಆಗಿರಲಿ. ಹಾಗಾಗಿ ಮನೆಯವರ ಆ ಮೊದಲ ಪ್ರಶ್ನೆಗೆ ನಾನು ಕೊಡುವ ಉತ್ತರ ಇಷ್ಟು: ಪೊರೆಯಿಂದ ಹೋದ ದೃಷ್ಟಿಯನ್ನು ಮರಳಿ ಕೊಡುವ ಪ್ರಯತ್ನ ಮಾಡುತ್ತೇನೆ, ಪೆಟ್ಟಿನಿಂದ ಹೋದದ್ದು ಎಷ್ಟೆಂದು ಪೊರೆ ತೆಗೆದ ಮೇಲೆ ಇಬ್ಬರೂ ಕೂಡಿ ನೋಡೋಣ.

ಎರಡು ವರ್ಷವಾಯಿತು, ಚೆನ್ನಾಗಿ ಕಾಣುತ್ತಿದೆ, ಇನ್ನೂ ಏಕೆ ಬರಬೇಕು ಎಂದು ಕೇಳುವವರಿದ್ದಾರೆ. ಬಡಿತದ ಗಾಯದಲ್ಲಿ ಕಣ್ಣಿನ ನೀರು ಹೊರಹರಿಯುವ ಮೂಲೆ ಒಳಗಿಂದೊಳಗೇ ಸೀಳಿ, ಹತ್ತು ವರ್ಷದ ಬಳಿಕವೂ ನೋವಿಲ್ಲದೆ ಒತ್ತಡ ಏರಿ ದೃಷ್ಟಿನರವನ್ನು ತಿನ್ನಬಹುದು. ವರ್ಷಕ್ಕೊಮ್ಮೆ ಒತ್ತಡ ಅಳೆಯದೆ ಅದು ತಿಳಿಯುವುದಿಲ್ಲ. ಕಣ್ಣಮುಂದೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಸುರಿದರೆ, ಪರದೆ ಇಳಿದಂತಾದರೆ ಅಕ್ಷಿಪಟಲ ಕಳಚುತ್ತಿರಬಹುದು, ಅದೇ ದಿನ ಬನ್ನಿ. ಕಣ್ಣು ಸೀಳಿದ ಗಾಯವಾಗಿದ್ದವರಿಗೆ ಗಾಯವಾಗದ ಇನ್ನೊಂದು ಕಣ್ಣು ಕೆಂಪಾಗಿ, ಬೆಳಕು ಸಹಿಸದೆ, ಮಸುಕಾದರೆ ಒಂದು ರಾತ್ರಿಯೂ ಕಾಯಬೇಡಿ. ಗಾಯಗೊಂಡ ಕಣ್ಣಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆ ಒಳ್ಳೆಯ ಕಣ್ಣಿನ ಮೇಲೂ ಬೀಳುವ ಈ ರೋಗ ಬಹಳ ವಿರಳ, ಹೆಚ್ಚಿನವು ಮೊದಲ ವರ್ಷದೊಳಗೇ ಬರುತ್ತವೆ, ಆದರೆ ದಶಕಗಳ ನಂತರ ಬಂದದ್ದೂ ಇದೆ. ಬೇಗ ಹಿಡಿದರೆ ಸ್ಟೀರಾಯ್ಡುಗಳಿಂದ ಅದನ್ನು ತಡೆಯಬಹುದು. ಆ ಇನ್ನೊಂದು ಕಣ್ಣಿಗೆ ನಂಬರ್ ಇಲ್ಲದಿದ್ದರೂ, ಕೆಲಸದಲ್ಲೂ ಆಟದಲ್ಲೂ ಪಾಲಿಕಾರ್ಬೊನೇಟಿನ ಕನ್ನಡಕ ಹಾಕಿಕೊಳ್ಳಲು ನಾನು ಎಲ್ಲರಿಗೂ ಬರೆದುಕೊಡುತ್ತೇನೆ, ಮುಂದಿನ ಸಲ ಬಂದಾಗ ಅದು ಮೂಗಿನ ಮೇಲಿದೆಯೇ ಎಂದು ಮೊದಲು ನೋಡುತ್ತೇನೆ.